ಹಳೆಯ ಪಿಕಪ್ ಟ್ರಕ್ಕಿಗೆ ಹೊಸ ಅಶ್ವಶಕ್ತಿ

ಮುಂಬಯಿಯ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನವರೆಗೂ ಓಡಾಡಿದವು. ಅವುಗಳ 1089 ಘನ ಸೆಂಟಿಮೀಟರ್ ಗಾತ್ರದ ಪುಟ್ಟ ಎಂಜಿನ್ನುಗಳನ್ನು ಬಿಚ್ಚಿ, ರೀಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ತೊಡಿಸಿ ಮತ್ತೆ ರಸ್ತೆಗಿಳಿಸುತ್ತಿದ್ದ ಗ್ಯಾರೇಜುಗಳು ಆ ಮಹಾನಗರದ ಕನ್ನಡಿಗರಿಗೆ ಅಪರಿಚಿತವೇನಲ್ಲ. ಸವೆದ ಎಂಜಿನ್ನನ್ನು ಮೊದಲಿನ ಸ್ಥಿತಿಗೆ ತಂದರೆ ಅಲ್ಲಿಯ ಮೇಸ್ತ್ರಿಯ ಕೆಲಸ ಮುಗಿಯಿತು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಇನ್ನೊಂದು ಆಸೆಯೂ ಜೊತೆಗೂಡಿದೆ. ಬಿಚ್ಚಿದ ಎಂಜಿನ್ನನ್ನು ಮತ್ತೆ ಜೋಡಿಸುವಾಗ ಅದು ಮೊದಲಿಗಿಂತ ಬಲಶಾಲಿಯಾಗಬೇಕು ಎಂಬುದೇ ಆ ಆಸೆ. ಅಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋದ ಹಿರಿಯರು, ನೆರೆಮನೆಯ ಅಂಗಳದಲ್ಲಿ ಬಾನೆಟ್ ತೆರೆದು ನಿಂತ ಐವತ್ತು ವರ್ಷದ ಹಳೆಯ ಟ್ರಕ್ಕನ್ನೂ, ಅದರೊಳಗೆ ತಲೆ ಹುದುಗಿಸಿಕೊಂಡ ಯಜಮಾನನನ್ನೂ ಕಂಡು ಸೋಜಿಗಪಟ್ಟಿರಬಹುದು. ಆತ ನಿಜವಾಗಿ ಮಾಡುತ್ತಿರುವುದೇನು, ಅದರಲ್ಲಿ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸಬಹುದು.

ಇಂತಹ ಟ್ರಕ್ಕುಗಳಲ್ಲಿ ಷೆವ್ರೊಲೆ ಸಂಸ್ಥೆಯ ಸಿ-10 ಬಹು ಜನಪ್ರಿಯವಾದುದು. ಇವುಗಳಲ್ಲಿ ಹಲವಕ್ಕೆ 'ಸ್ಮಾಲ್ ಬ್ಲಾಕ್' ಎಂದು ಹೆಸರಾದ, ಎಂಟು ಸಿಲಿಂಡರುಗಳ ವಿ-ಆಕಾರದ ಎಂಜಿನ್ನನ್ನು ಅಳವಡಿಸಲಾಗಿತ್ತು. ಎಡ್ ಕೋಲ್ ಎಂಬ ಮುಖ್ಯ ಎಂಜಿನಿಯರರ ನೇತೃತ್ವದಲ್ಲಿ ರೂಪುಗೊಂಡ ಈ ಎಂಜಿನ್ 1955ರ ಮಾದರಿಯ ಕಾರುಗಳಲ್ಲಿ 265 ಘನ ಅಂಗುಲದ ಗಾತ್ರದೊಡನೆ ಬಂದಿತು. 1967ರ ಮಾದರಿಯ ವೇಳೆಗೆ ಅದರ ಗಾತ್ರ 350 ಘನ ಅಂಗುಲಕ್ಕೆ, ಅಂದರೆ ಸುಮಾರು 5.7 ಲೀಟರಿಗೆ, ಬೆಳೆದಿತ್ತು. ಐದು ಪದ್ಮಿನಿ ಎಂಜಿನ್ನುಗಳನ್ನು ಒಟ್ಟು ಸೇರಿಸಿದರೂ ಈ ಗಾತ್ರಕ್ಕೆ ಸಮನಾಗುವುದಿಲ್ಲ! ಮುಂದಿನ ಪೀಳಿಗೆಗಳೂ ಸೇರಿ 2011ರ ವೇಳೆಗೆ ಈ ವಂಶದ ಹತ್ತು ಕೋಟಿ ಎಂಜಿನ್ನುಗಳು ತಯಾರಾದವು. ಆದ್ದರಿಂದಲೇ ಇದರ ಬಿಡಿಭಾಗಗಳು ಇಂದಿಗೂ ಸುಲಭವಾಗಿ, ಅಗ್ಗವಾಗಿ ದೊರೆಯುತ್ತವೆ.

ಶಕ್ತಿಯನ್ನು ಹೆಚ್ಚಿಸುವ ಮುನ್ನ ಈಗಿರುವ ಶಕ್ತಿ ಎಷ್ಟೆಂದು ತಿಳಿಯಬೇಕಷ್ಟೆ. ಮೊದಲ ತೊಡಕು ಇಲ್ಲಿಯೇ ಇದೆ. ಇದೇ 350 ಎಂಜಿನ್ನಿಗೆ ಷೆವ್ರೊಲೆಯವರದೇ ಕಾರ್ವೆಟ್ ಎಂಬ ಕಾರಿನ ಸಾಮಾನ್ಯ ಆವೃತ್ತಿಯಲ್ಲಿ 1970ರಲ್ಲಿ 300 ಅಶ್ವಶಕ್ತಿ ಎಂದೂ, 1971ರಲ್ಲಿ 270 ಎಂದೂ, 1972ರಲ್ಲಿ 200 ಎಂದೂ ಪ್ರಕಟಿಸಲಾಗಿತ್ತು. ಎರಡೇ ವರ್ಷಗಳಲ್ಲಿ ಮೂರನೆಯ ಒಂದು ಭಾಗ ಶಕ್ತಿ ಸೋರಿಹೋಯಿತೆ? ಇಲ್ಲ. 1971ರ ಇಳಿಕೆ ನಿಜವಾದದ್ದು. ಅದರ ಕಾರಣವನ್ನು ಮುಂದೆ ಹೇಳಲಾಗಿದೆ. 1972ರ ಇಳಿಕೆಯಾದರೋ ಬಹುಮಟ್ಟಿಗೆ ಲೆಕ್ಕ ಬರೆಯುವ ಕ್ರಮದ್ದು. ಅದುವರೆಗೆ ಎಂಜಿನ್ನನ್ನು ವಾಹನದಿಂದ ಹೊರಗಿಟ್ಟು, ಏರ್ ಕ್ಲೀನರ್, ಸೈಲೆನ್ಸರ್, ಫ್ಯಾನ್ ಮುಂತಾದವುಗಳ ಹೊರೆಯಿಲ್ಲದೆ ಅಳೆಯುತ್ತಿದ್ದರು. ಅದು ಗ್ರಾಸ್ ಅಶ್ವಶಕ್ತಿ. ಅವೆಲ್ಲವನ್ನೂ ಜೋಡಿಸಿ ಅಳೆದದ್ದು ನೆಟ್ ಅಶ್ವಶಕ್ತಿ. ಗ್ರಾಸ್ ಲಾಭವನ್ನೇ ನೆಟ್ ಲಾಭವೆಂದು ಭ್ರಮಿಸಿ ಅಂಗಡಿಗೆ ಬೀಗ ಹಾಕಿದವರ ಕಥೆ ವ್ಯಾಪಾರಸ್ಥರಿಗೆ ಹೊಸತಲ್ಲ. ಇಂದಿಗೂ ಎಂಜಿನ್ ಮಾರಾಟಗಾರರು ಜಾಹೀರಾತಿನಲ್ಲಿ ಸಾರುವ ಅಂಕಿ ಅನೇಕವೇಳೆ ಮೊದಲನೆಯ ಬಗೆಯದೇ ಆಗಿರುತ್ತದೆ.

ಎಂಜಿನ್ ಎಂಬುದು ಮೂಲತಃ ಗಾಳಿಯನ್ನು ಎಳೆದುಕೊಳ್ಳುವ ಒಂದು ಪಂಪು. ಒಂದು ಕಿಲೋ ಪೆಟ್ರೋಲನ್ನು ಸಂಪೂರ್ಣವಾಗಿ ಉರಿಸಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಉರಿಸಲು ಬೇಕಾದ ಗಾಳಿಯನ್ನು ಒಳಗೆ ತರುವುದೇ ಕಷ್ಟ. ಆದ್ದರಿಂದ ಶಕ್ತಿ ಹೆಚ್ಚಬೇಕಾದರೆ ಎಂಜಿನ್ ಹೆಚ್ಚು ಗಾಳಿಯನ್ನು ಉಸಿರಾಡಬೇಕು. ಕಾರ್ಬುರೇಟರ್ ಬದಲಿಸಿದೊಡನೆ ಟ್ರಕ್ಕು ಹಾರತೊಡಗುತ್ತದೆ ಎಂಬ ನಂಬಿಕೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಮೂಗು ದೊಡ್ಡದಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ.

ಶ್ವಾಸಕೋಶವನ್ನು ದೊಡ್ಡದು ಮಾಡುವ ಪ್ರಸಿದ್ಧ ವಿಧಾನಕ್ಕೆ '383 ಸ್ಟ್ರೋಕರ್' ಎಂದು ಹೆಸರು. ಮೂಲ ಎಂಜಿನ್ನಿನ ಸಿಲಿಂಡರಿನ ವ್ಯಾಸ 4 ಅಂಗುಲ. ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ 3.48 ಅಂಗುಲ. ಸಿಲಿಂಡರನ್ನು ಕೊರೆದು ವ್ಯಾಸವನ್ನು 4.03 ಅಂಗುಲಕ್ಕೆ ಹಿಗ್ಗಿಸುತ್ತಾರೆ. ಸವೆದ ಎಂಜಿನ್ನಿಗೆ ಈ ಕೊರೆತ ಹೇಗೂ ಬೇಕಾಗುತ್ತದೆ. ಅನಂತರ 3.75 ಅಂಗುಲ ಚಲನೆಯ ಕ್ರ್ಯಾಂಕ್‌ಶಾಫ್ಟನ್ನು ಕೂಡಿಸುತ್ತಾರೆ. ಒಟ್ಟು ಗಾತ್ರ 383 ಘನ ಅಂಗುಲವಾಗುತ್ತದೆ. ಮೊದಮೊದಲು ಈ ಕ್ರ್ಯಾಂಕ್‌ಶಾಫ್ಟನ್ನು ಅದೇ ವಂಶದ 400 ಘನ ಅಂಗುಲದ ಎಂಜಿನ್ನಿನಿಂದ ಕಳಚಿ ತರುತ್ತಿದ್ದರು. ಅದರ ಮುಖ್ಯ ಜರ್ನಲುಗಳ ವ್ಯಾಸ 2.65 ಅಂಗುಲ, 350ರ ಬ್ಲಾಕಿನಲ್ಲಿ ಅವು ಕೂರಬೇಕಾದರೆ 2.45 ಅಂಗುಲಕ್ಕೆ ಕಡೆಸಬೇಕಿತ್ತು. ಈಗ ಅಳತೆಗೆ ತಕ್ಕಂತೆ ತಯಾರಾದ ಕ್ರ್ಯಾಂಕ್‌ಶಾಫ್ಟುಗಳೇ ಸಿಗುವುದರಿಂದ ಆ ಶ್ರಮ ತಪ್ಪಿದೆ. ಆದರೂ ತಿರುಗುವಾಗ ಕನೆಕ್ಟಿಂಗ್ ರಾಡಿನ ಬೋಲ್ಟುಗಳು ಬ್ಲಾಕಿನ ಕೆಳ ಅಂಚಿಗೂ ಕ್ಯಾಮ್‌ಶಾಫ್ಟಿಗೂ ತಾಗುವ ಸಂಭವವುಂಟು. ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ, ತಾಗುವಲ್ಲಿ ಬ್ಲಾಕಿನ ಅಂಚನ್ನು ಉಜ್ಜಿ ತೆಗೆಯಬೇಕು. ಹೊಸ ರಾಡು, ಪಿಸ್ಟನ್ನುಗಳ ತೂಕಕ್ಕೆ ಸರಿಯಾಗಿ ಕ್ರ್ಯಾಂಕ್‌ಶಾಫ್ಟನ್ನು ಸಮತೋಲ ಮಾಡಿಸುವುದನ್ನು ತಪ್ಪಿಸುವಂತಿಲ್ಲ. ತಪ್ಪಿಸಿದರೆ ಅದುರುವಿಕೆಯೇ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಇಷ್ಟೆಲ್ಲ ಮಾಡಿದರೂ ಗಾತ್ರ ಹೆಚ್ಚಿದ್ದು ಶೇಕಡ 9ರಷ್ಟು ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ಉಳಿದ ಶಕ್ತಿ ಬೇರೆ ಕಡೆಯಿಂದ ಬರಬೇಕು.

ಒಂದಂಶ ಸಂಪೀಡನ ಅನುಪಾತದಿಂದ ಬರುತ್ತದೆ. ಮೂಲ ಎಂಜಿನ್ನಿನ ಒಂದು ಸಿಲಿಂಡರ್ ಸುಮಾರು 717 ಘನ ಸೆಂಟಿಮೀಟರ್ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 95 ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅನುಪಾತ ಎಂಟೂವರೆಯಾಗುತ್ತದೆ. 383ರಲ್ಲಿ ಅದೇ ಜಾಗದೊಳಕ್ಕೆ 784 ಘನ ಸೆಂಟಿಮೀಟರನ್ನು ಒತ್ತಬೇಕು. ಅನುಪಾತ ತಾನಾಗಿ ಒಂಬತ್ತೂಕಾಲಕ್ಕೆ ಏರುತ್ತದೆ. ಅನುಪಾತ ಏರಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಮಿತಿ ಮೀರಿದರೆ ಮಾತ್ರ ಮಿಶ್ರಣ ಅಕಾಲದಲ್ಲಿ ಸಿಡಿದು 'ನಾಕಿಂಗ್' ತೊಡಗಿ, ಪಿಸ್ಟನ್ನೇ ಒಡೆಯಬಹುದು.

ಈ ನಾಕಿಂಗನ್ನು ತಡೆಯಲು ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. 1923ರಿಂದ ಅಮೆರಿಕದಲ್ಲಿ ಮಾರಾಟವಾದ ಆ ಪೆಟ್ರೋಲಿನ ಹೊಗೆ, ಮಹಾನಗರಗಳ ಮಕ್ಕಳ ರಕ್ತಕ್ಕೆ ಸೀಸವನ್ನು ಸೇರಿಸಿತು. ಬೆಳೆಯುವ ಮೆದುಳಿಗೆ ಸೀಸ ಅತ್ಯಲ್ಪ ಪ್ರಮಾಣದಲ್ಲಿಯೂ ಹಾನಿಕರ. ಸ್ಮಾಲ್ ಬ್ಲಾಕಿನ ಜನಕರಾದ ಎಡ್ ಕೋಲ್ ಅವರೇ ಜನರಲ್ ಮೋಟಾರ್ಸಿನ ಅಧ್ಯಕ್ಷರಾಗಿದ್ದಾಗ, 1971ರ ಮಾದರಿಗಳಿಂದ ಸಂಪೀಡನ ಅನುಪಾತವನ್ನು ತಗ್ಗಿಸಿ, ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹಾದಿ ಮಾಡಿಕೊಟ್ಟರು. 300 ಅಶ್ವಶಕ್ತಿ 270ಕ್ಕೆ ಇಳಿದುದು ಹೀಗೆ. ಮೂವತ್ತು ಅಶ್ವಶಕ್ತಿಗೆ ದೊರೆತ ಪ್ರತಿಫಲ ಕಡಿಮೆಯದೇನಲ್ಲ. ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲ್ ಅಮೆರಿಕದಲ್ಲಿ 1996ರಲ್ಲಿಯೂ ಭಾರತದಲ್ಲಿ 2000ದಲ್ಲಿಯೂ ಪೂರ್ಣವಾಗಿ ನಿಂತಿತು. ಆದರೆ ಸೀಸದ ಲೇಪ ಎಂಜಿನ್ನಿನ ನಿಷ್ಕಾಸ ಕವಾಟಗಳ ಆಸನಗಳನ್ನು ಸವೆಯದಂತೆ ಕಾಪಾಡುತ್ತಿತ್ತು. ಹಾಗಾಗಿ 60ರ ದಶಕದ ಸಿಲಿಂಡರ್ ಹೆಡ್ಡುಗಳನ್ನೇ ಉಳಿಸಿಕೊಳ್ಳುವವರು ಅವುಗಳಿಗೆ ಗಟ್ಟಿ ಉಕ್ಕಿನ ಆಸನಗಳನ್ನು ಕೂಡಿಸುವುದು ಮೇಲು. ಭಾರ ಎಳೆಯುವ ಟ್ರಕ್ಕಿನಲ್ಲಿ ಈ ಸವೆತ ಬೇಗ ಕಾಣಿಸುತ್ತದೆ.

ಶಕ್ತಿಯ ದೊಡ್ಡ ಪಾಲು ದೊರೆಯುವುದು ಈ ಹೆಡ್ಡುಗಳಿಂದಲೇ. ಹಳೆಯ ಹೆಡ್ಡುಗಳ ಗಾಳಿದಾರಿ ಇಕ್ಕಟ್ಟಾದುದು. 1996ರಿಂದ ಅದೇ ಸಂಸ್ಥೆ ತನ್ನ ಟ್ರಕ್ಕುಗಳಿಗೆ ಬಳಸಿದ 'ವೋರ್ಟೆಕ್' ಹೆಡ್ಡುಗಳು ಎರಕದ ಕಬ್ಬಿಣದವೇ ಆದರೂ ಗಾಳಿಯನ್ನು ಹರಿಸುವುದರಲ್ಲಿ ಬಹಳ ಮುಂದು. ಕವಾಟಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಕ್ಯಾಮ್‌ಶಾಫ್ಟ್ ನಿರ್ಧರಿಸುತ್ತದೆ. ಇಲ್ಲಿಯೇ ಹಲವರು ಎಡವುವುದು. ಓಟದ ಕಾರಿನ ಕ್ಯಾಮ್‌ಶಾಫ್ಟ್ ಕವಾಟಗಳನ್ನು ದೀರ್ಘಕಾಲ ತೆರೆದಿಡುತ್ತದೆ. ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ಅದು ಅದ್ಭುತ, ಎರಡು ಸಾವಿರದಲ್ಲಿ ಸೋಮಾರಿ. ಟ್ರಕ್ಕು ತನ್ನ ಆಯುಷ್ಯವನ್ನು ಕಳೆಯುವುದಾದರೋ ಎರಡು ಸಾವಿರದ ಸುತ್ತಮುತ್ತ. ಟಾರ್ಕ್ ಎನ್ನಲಾಗುವ ತಿರುಗುಬಲವನ್ನು ಸುತ್ತಿನಿಂದ ಗುಣಿಸಿ 5252ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. 400 ಅಡಿ-ಪೌಂಡ್ ತಿರುಗುಬಲ 4000 ಸುತ್ತಿನಲ್ಲಿ 305 ಅಶ್ವಶಕ್ತಿ ಎನಿಸಿದರೆ 2000 ಸುತ್ತಿನಲ್ಲಿ 152 ಮಾತ್ರ. ಹೊರೆ ಹೊತ್ತು ದಿಬ್ಬವೇರುವಾಗ ಕೈಹಿಡಿಯುವುದು ಈ ಎರಡನೆಯ ಅಂಕಿ. ಸೌಮ್ಯವಾದ ಕ್ಯಾಮ್‌ಶಾಫ್ಟ್, ಒಳ್ಳೆಯ ಹೆಡ್ಡು, ಮಿತವಾದ ಕಾರ್ಬುರೇಟರ್ ಇವುಗಳಿಂದ ಕೂಡಿದ 383 ಎಂಜಿನ್ ಪರೀಕ್ಷಾಪೀಠದ ಮೇಲೆ 350ರ ಆಸುಪಾಸಿನ ಅಶ್ವಶಕ್ತಿ ನೀಡಬಲ್ಲದು.

ಲೆಕ್ಕವನ್ನಷ್ಟೇ ನೋಡುವವರಿಗೆ ಇನ್ನೊಂದು ಮಾರ್ಗವಿದೆ. ಅಪಘಾತಕ್ಕೀಡಾಗಿ ಗುಜರಿ ಸೇರಿದ ಈಚಿನ ಟ್ರಕ್ಕುಗಳಿಂದ 5.3 ಲೀಟರ್ ಎಂಜಿನ್ನನ್ನು ಕೊಂಡು ತರುವುದು. 1999ರಲ್ಲಿಯೇ ಅದರ ನೆಟ್ ಅಶ್ವಶಕ್ತಿ 270. ಬ್ಲಾಕನ್ನು ಕೊರೆಯುವ ಗೊಡವೆಯಿಲ್ಲದೆ, ಫ್ಯೂಯೆಲ್ ಇಂಜೆಕ್ಷನ್ ಸಹಿತ ಅದು ಸಿಗುತ್ತದೆ. ಖರ್ಚಿನ ದೃಷ್ಟಿಯಿಂದ ಇದೇ ಮೇಲೆಂದು ಧಾರಾಳವಾಗಿ ಹೇಳಬಹುದು. ಆದರೂ ತಂದೆ ಓಡಿಸಿದ ಟ್ರಕ್ಕಿನ ಮೂಲ ಬ್ಲಾಕನ್ನೇ ಉಳಿಸಿಕೊಳ್ಳಬೇಕೆನ್ನುವವನಿಗೆ ಈ ವಾದ ರುಚಿಸದು. ಅಜ್ಜಿಯ ಕಾಲದ ಬಂಗಾರವನ್ನು ಕರಗಿಸಲು ಒಪ್ಪದ ಮನೆಗಳು ನಮ್ಮಲ್ಲಿಲ್ಲವೆ?

ಯಾವ ಮಾರ್ಗ ಹಿಡಿದರೂ ಖರ್ಚಿನ ಅಂದಾಜಿನಲ್ಲಿ ಬ್ರೇಕಿಗೆ ಮೊದಲ ಸ್ಥಾನ ಸಲ್ಲಬೇಕು. ಸಿ-10 ಟ್ರಕ್ಕಿನ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದುದು 1971ರ ಮಾದರಿಯಿಂದ. ಅದಕ್ಕೆ ಹಿಂದಿನವುಗಳಿಗೆ ನಾಲ್ಕೂ ಕಡೆ ಡ್ರಮ್ಮು. ವೇಗ ಎರಡು ಪಟ್ಟಾದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ರೇಡಿಯೇಟರ್, ಕ್ಲಚ್, ಗೇರ್ ಬಾಕ್ಸುಗಳನ್ನೂ ಹೊಸ ಬಲಕ್ಕೆ ತಕ್ಕಂತೆ ಬದಲಿಸಬೇಕಾಗಬಹುದು. ಕಾನೂನಿನ ಮಾತೂ ಇದೆ. ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ವಾಹನಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಉಂಟು, ಅನಂತರದವುಗಳಿಗಿಲ್ಲ. ಭಾರತದಲ್ಲಿಯಾದರೋ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಅಧಿಕಾರಿಯ ಅನುಮತಿಯಿಲ್ಲದೆ ಎಂಜಿನ್ ಬದಲಾಯಿಸಿದರೆ ತೊಂದರೆ ತಪ್ಪಿದ್ದಲ್ಲ.

ಜೋಡಣೆಯ ಕೆಲಸ ತಾಳ್ಮೆಯದು. ಮುಖ್ಯ ಬೇರಿಂಗಿಗೂ ಜರ್ನಲಿಗೂ ನಡುವೆ ಇರಬೇಕಾದ ಸಂದು ಒಂದು ಅಂಗುಲದ ಸಾವಿರದಲ್ಲಿ ಸುಮಾರು ಎರಡೂವರೆ ಭಾಗ, ಎಂದರೆ ತಲೆಗೂದಲಿನಷ್ಟು. ಒಂದು ಧೂಳಿನ ಕಣ ಸಾಕು, ಶ್ರಮವೆಲ್ಲ ವ್ಯರ್ಥ. ಕೊರೆಸಿ ತಂದ ಬ್ಲಾಕನ್ನು ಸೋಪಿನ ನೀರಿನಿಂದ ಹಲವು ಬಾರಿ ತೊಳೆದು, ಬಿಳಿಯ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯಬೇಕು.

ಎಲ್ಲಕ್ಕಿಂತ ನಿರ್ಣಾಯಕವಾದದ್ದು ಎಂಜಿನ್ ಮೊದಲು ಪ್ರಾರಂಭವಾದ ಅರ್ಧ ಗಂಟೆ. ಹಳೆಯ ಬಗೆಯ ಕ್ಯಾಮ್‌ಶಾಫ್ಟಿನ ಉಬ್ಬುಗಳೂ ಅವುಗಳ ಮೇಲೆ ಜಾರುವ ಟ್ಯಾಪೆಟ್ಟುಗಳೂ ಒಂದಕ್ಕೊಂದು ಹೊಂದಿಕೊಳ್ಳುವುದು ಆಗಲೇ. ಅಲ್ಲಿಗೆ ಆಯಿಲ್ ತಲಪುವುದು ಕ್ರ್ಯಾಂಕ್‌ಶಾಫ್ಟ್ ಸಿಡಿಸುವ ಹನಿಗಳ ಮೂಲಕ; ಎಂಜಿನ್ ನಿಧಾನವಾಗಿ ತಿರುಗಿದರೆ ಹನಿ ಸಾಲದು. ಆದ್ದರಿಂದ ಮೊದಲೇ ಆಯಿಲ್ ಪಂಪನ್ನು ಡ್ರಿಲ್ ಯಂತ್ರದಿಂದ ತಿರುಗಿಸಿ ಎಲ್ಲೆಡೆ ಆಯಿಲ್ ತುಂಬಿಸಿ, ಪ್ರಾರಂಭವಾದೊಡನೆ ಸುತ್ತನ್ನು ಎರಡು ಸಾವಿರಕ್ಕೆ ಏರಿಸಿ, ಇಪ್ಪತ್ತು ಮೂವತ್ತು ನಿಮಿಷ ಅದರಿಂದ ಕೆಳಗಿಳಿಯಲು ಬಿಡಬಾರದು. ಈಚಿನ ಕಾರುಗಳಿಗೆಂದು ತಯಾರಾಗುವ ಆಯಿಲುಗಳಲ್ಲಿ ಸತು ಮತ್ತು ರಂಜಕದ ಸಂಯುಕ್ತ ಕಡಿಮೆಯಾಗಿರುವುದರಿಂದ, ಅದು ಹೆಚ್ಚಾಗಿರುವ ಆಯಿಲನ್ನೇ ಆರಿಸಬೇಕು. ಷೆಡ್ಡಿನ ಬಾಗಿಲು ತೆರೆದಿರಲಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅನಂತರ ಎಂಜಿನ್ನನ್ನು ತಣ್ಣಗಾಗಲು ಬಿಟ್ಟು, ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬೆಳಕಿಗೆ ಹಿಡಿಯುತ್ತಾರೆ. ಬೂದುಬಣ್ಣದ ಸಣ್ಣ ಮಸಿಯಷ್ಟೇ ಕಂಡರೆ ಟ್ರಕ್ಕು ರಸ್ತೆಗಿಳಿಯಬಹುದು. ಹೊಳೆಯುವ ಲೋಹದ ಚೂರುಗಳು ಕಂಡರೆ ಎಂಜಿನ್ನನ್ನು ಮತ್ತೆ ಬಿಚ್ಚಬೇಕು.