ಮಗು ಓಕರಿಸುತ್ತೆ, ವಾಂತಿ ಬರಲ್ಲ: ಗ್ಯಾಸ್ ಅಂತ ಕಾಯಬೇಡಿ, ಜಠರ ಎದೆಗೆ ಏರಿರಬಹುದು

ಚೆನ್ನಾಗಿಯೇ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಹೊಟ್ಟೆ ನೋವು ಅಂತ ಅಳುತ್ತೆ. ಓಕರಿಕೆ ಬರುತ್ತೆ, ಆದರೆ ಏನೂ ಹೊರಗೆ ಬರಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಜೋರಾಗುತ್ತೆ. ಇಂಥ ಹೊತ್ತಲ್ಲಿ ಹೆಚ್ಚಿನ ಮನೆಗಳಲ್ಲಿ ಮೊದಲು ಓಮದ ನೀರು, ಆಮೇಲೆ ದೃಷ್ಟಿ ತೆಗೆಯೋದು, ಅದೂ ಆಗದಿದ್ದರೆ ಮೆಡಿಕಲ್ ಶಾಪ್‌ನಿಂದ ಗ್ಯಾಸಿನ ಸಿರಪ್. ಬಹಳಷ್ಟು ಸಲ ಅದು ನಿಜವಾಗಿಯೂ ಗ್ಯಾಸೇ ಇರುತ್ತೆ. ಆದರೆ ಅಪರೂಪಕ್ಕೆ, ಹುಟ್ಟಿನಿಂದಲೇ ಇದ್ದ ಒಂದು ರಂಧ್ರದ ಮೂಲಕ ಮಗುವಿನ ಜಠರ ಎದೆಯೊಳಗೆ ಏರಿ ತಿರುಚಿಕೊಂಡಿರುತ್ತೆ. ಆಗ ಕಾಯುವ ಒಂದೊಂದು ಗಂಟೆಯೂ ಜೀವಕ್ಕೆ ಅಪಾಯ.

ಏನಿದು ಕಾಯಿಲೆ?

ಎದೆ ಮತ್ತು ಹೊಟ್ಟೆಯ ಮಧ್ಯೆ ಗೋಡೆಯಂತೆ ಒಂದು ಮಾಂಸದ ಪರದೆ ಇದೆ. ಇದಕ್ಕೆ ವಪೆ ಅಥವಾ ಡಯಾಫ್ರಂ ಅಂತಾರೆ. ಮೇಲೆ ಹೃದಯ, ಶ್ವಾಸಕೋಶ. ಕೆಳಗೆ ಜಠರ, ಕರುಳು, ಯಕೃತ್ತು, ಗುಲ್ಮ. ತಾಯಿ ಗರ್ಭಿಣಿಯಾಗಿ ಎರಡು, ಎರಡೂವರೆ ತಿಂಗಳಾಗುವಷ್ಟರಲ್ಲಿ ಈ ಪರದೆ ಪೂರ್ತಿ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಒಂದು ಕಡೆ ರಂಧ್ರ ಹಾಗೇ ಉಳಿದುಬಿಡುತ್ತೆ. ಇದೇ ಹುಟ್ಟಿನ ಡಯಾಫ್ರಂ ಹರ್ನಿಯಾ. ಸುಮಾರು 2,500ರಿಂದ 3,500 ಹೆರಿಗೆಗಳಲ್ಲಿ ಒಂದು ಮಗುವಿಗೆ ಇದು ಇರುತ್ತೆ. ನೂರಕ್ಕೆ 80ಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ರಂಧ್ರ ಎಡಭಾಗದಲ್ಲಿ. ಹಿಂಭಾಗದಲ್ಲಿ ಆಗುವ ಈ ರಂಧ್ರದ ಬಗ್ಗೆ ಪ್ರಾಗ್‌ನ ಅಂಗರಚನಾ ತಜ್ಞ ಬೊಕ್ಡಾಲೆಕ್ 1848ರಲ್ಲಿ ಬರೆದಿದ್ದರು. ಇವತ್ತಿಗೂ ಡಾಕ್ಟರುಗಳು ಇದನ್ನು ಬೊಕ್ಡಾಲೆಕ್ ಹರ್ನಿಯಾ ಅಂತಲೇ ಕರೆಯೋದು.

ಹರ್ನಿಯಾ ಅಂದ ತಕ್ಷಣ ಜನಕ್ಕೆ ನೆನಪಾಗೋದು ತೊಡೆಸಂದಿಯಲ್ಲೋ ಹೊಕ್ಕಳಲ್ಲೋ ಕಾಣುವ ಗಂಟು. ಇದರಲ್ಲಿ ಹೊರಗೆ ಏನೂ ಕಾಣಲ್ಲ. ಅದಕ್ಕೇ ಮನೆಯವರಿಗೆ ಗೊತ್ತಾಗೋದು ಕಷ್ಟ.

ಹುಟ್ಟಿದಾಗಲೇ ಯಾಕೆ ಗೊತ್ತಾಗಲ್ಲ?

ಹೆಚ್ಚಿನ ಮಕ್ಕಳಲ್ಲಿ ಹೊಟ್ಟೆಯಲ್ಲಿರುವಾಗ ಸ್ಕ್ಯಾನಿಂಗ್‌ನಲ್ಲೋ, ಹುಟ್ಟಿದ ಕೂಡಲೇ ಉಸಿರಾಟದ ತೊಂದರೆಯಿಂದಲೋ ಇದು ಗೊತ್ತಾಗುತ್ತೆ. ಕೆಲವರಲ್ಲಿ ಮಾತ್ರ ರಂಧ್ರ ಚಿಕ್ಕದಿರುತ್ತೆ, ಅಥವಾ ಗುಲ್ಮವೋ ಯಕೃತ್ತೋ ಬಿರಡೆಯ ಹಾಗೆ ಅದಕ್ಕೆ ಅಡ್ಡ ಕೂತಿರುತ್ತೆ. ಮಗು ಹಾಲು ಕುಡಿಯುತ್ತೆ, ನಡೆಯುತ್ತೆ, ಶಾಲೆಗೂ ಹೋಗುತ್ತೆ. ಮುಂದೆ ಯಾವತ್ತೋ ಒಂದು ದಿನ ಜೋರು ಕೆಮ್ಮು ಬಂದಾಗ, ಹೊಟ್ಟೆ ತುಂಬ ಊಟ ಮಾಡಿದಾಗ, ಬಿದ್ದು ಪೆಟ್ಟಾದಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ, ಒಳಗಿನ ಅಂಗಗಳು ಮೇಲಕ್ಕೆ ನುಗ್ಗುತ್ತವೆ. ಆರು ತಿಂಗಳ ಕೂಸಿಗೂ ಆಗಬಹುದು, ಹತ್ತು ವರ್ಷದ ಹುಡುಗನಿಗೂ ಆಗಬಹುದು. ಹಿಂದೆ ಯಾವಾಗಲೋ ತೆಗೆಸಿದ ಎದೆ ಎಕ್ಸ್‌ರೇ ನಾರ್ಮಲ್ ಬಂದಿತ್ತು ಅನ್ನೋದೂ ಇಲ್ಲಿ ಗ್ಯಾರಂಟಿ ಆಗಲ್ಲ.

ಜಠರ ತಿರುಚಿದರೆ ಏನಾಗುತ್ತೆ?

ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನ ಬಾಯಿ ತಿರುಚಿ ಗಂಟು ಹಾಕೋದನ್ನ ನೋಡಿರ್ತೀರಿ. ಜಠರಕ್ಕೆ ಅನ್ನನಾಳದ ಕಡೆ ಒಂದು, ಕರುಳಿನ ಕಡೆ ಒಂದು ಬಾಯಿ. ತಿರುಚಿಕೊಂಡಾಗ ಎರಡೂ ಮುಚ್ಚಿಹೋಗಬಹುದು. ಒಳಗಿದ್ದದ್ದು ಕೆಳಗೂ ಹೋಗಲ್ಲ, ಮೇಲೂ ಬರಲ್ಲ. ಜಠರ ಬಲೂನಿನಂತೆ ಉಬ್ಬುತ್ತೆ, ಶ್ವಾಸಕೋಶವನ್ನು ಒತ್ತುತ್ತೆ. ರಕ್ತ ಸಂಚಾರ ನಿಂತರೆ ಜಠರದ ಗೋಡೆ ಕೊಳೆತು ತೂತಾಗಬಹುದು.

ಜರ್ಮನಿಯ ಸರ್ಜನ್ ಬೋರ್ಚಾರ್ಟ್ 1904ರಲ್ಲಿ ಇದಕ್ಕೆ ಮೂರು ಗುರುತು ಹೇಳಿದ್ದರು: ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಮತ್ತು ಉಬ್ಬರ, ವಾಂತಿ ಬಾರದ ಓಕರಿಕೆ, ಮೂಗಿನಿಂದ ಜಠರಕ್ಕೆ ಹಾಕುವ ನಳಿಕೆ ಒಳಗೆ ಇಳಿಯದಿರುವುದು. ಆದರೆ ಮಕ್ಕಳಲ್ಲಿ ಮೂರೂ ಒಟ್ಟಿಗೆ ಇರಲೇಬೇಕು ಅಂತೇನಿಲ್ಲ. ವಾಂತಿ ಆಗುವ ಮಕ್ಕಳೂ ಇದ್ದಾರೆ. ಜಠರ ಎದೆಗೆ ಏರಿದ್ದರೆ ಹೊಟ್ಟೆ ಉಬ್ಬುವ ಬದಲು ಒಳಗೆ ಹೋದಂತೆಯೂ ಕಾಣಬಹುದು.

ನಿಮೋನಿಯಾ ಅಂತ ತಪ್ಪು ತಿಳಿಯುವ ಅಪಾಯ

ಎಕ್ಸ್‌ರೇಯಲ್ಲಿ ಎದೆಯ ಒಂದು ಭಾಗ ಬೆಳ್ಳಗೆ ಕಂಡರೆ ನಿಮೋನಿಯಾ ಅಥವಾ ಎದೆಯಲ್ಲಿ ನೀರು ಅನಿಸಬಹುದು. ಗಾಳಿ ತುಂಬಿದ ಜಠರ ಕಪ್ಪಗೆ ಕಂಡರೆ, ಶ್ವಾಸಕೋಶ ಒಡೆದು ಗಾಳಿ ಸೋರಿದೆ ಅನಿಸಬಹುದು. ಹಾಗಂದುಕೊಂಡು ಎದೆಗೆ ಟ್ಯೂಬ್ ಹಾಕಿದರೆ ಅದು ನೇರ ಜಠರಕ್ಕೋ ಕರುಳಿಗೋ ಚುಚ್ಚುವ ಅಪಾಯ ಇದೆ. ಅದಕ್ಕೆ ಅನುಮಾನ ಇದ್ದಾಗ ಮೊದಲು ಮೂಗಿನ ಮೂಲಕ ನಳಿಕೆ ಹಾಕಿ ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ. ನಳಿಕೆಯ ತುದಿ ಎದೆಯೊಳಗೆ ಸುತ್ತಿಕೊಂಡಿದ್ದರೆ ವಿಷಯ ಸ್ಪಷ್ಟ. ಬೇಕಾದರೆ ಸಿಟಿ ಸ್ಕ್ಯಾನ್ ಕೂಡ ಮಾಡಿಸುತ್ತಾರೆ. ಆ ನಳಿಕೆಯಿಂದ ಗಾಳಿ ಹೊರಬಂದರೆ ಮಗುವಿಗೆ ಉಸಿರಾಟವೂ ಸ್ವಲ್ಪ ಸಲೀಸಾಗುತ್ತೆ.

ಮೇಲಿಂದ ಮೇಲೆ ನಿಮೋನಿಯಾ ಅಂತ ಔಷಧಿ ತಗೊಂಡರೂ ಒಂದೇ ಕಡೆ ಕಲೆ ಹಾಗೇ ಉಳಿದಿರುವ ಮಕ್ಕಳಿದ್ದರೆ, ಹಳೆಯ ಎಕ್ಸ್‌ರೇಗಳನ್ನು ಜೋಪಾನ ಮಾಡಿ ಡಾಕ್ಟರಿಗೆ ತೋರಿಸಿ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಎಷ್ಟೋ ಸಲ ಅನುಮಾನ ಬರೋದು.

ಚಿಕಿತ್ಸೆ ಇದೆ, ಭಯ ಬೇಡ

ಇದು ಮಾತ್ರೆ, ಸಿರಪ್‌ಗೆ ವಾಸಿಯಾಗಲ್ಲ. ಆಪರೇಷನ್ ಒಂದೇ ದಾರಿ. ತಿರುಚಿದ ಜಠರವನ್ನು ಬಿಡಿಸಿ, ಅಂಗಗಳನ್ನು ಕೆಳಗಿಳಿಸಿ, ರಂಧ್ರಕ್ಕೆ ಹೊಲಿಗೆ ಹಾಕುತ್ತಾರೆ. ಮತ್ತೆ ತಿರುಚದಿರಲಿ ಅಂತ ಕೆಲವರಲ್ಲಿ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿಯುತ್ತಾರೆ. ಹುಟ್ಟಿದ ಕೂಡಲೇ ಕಷ್ಟಪಡುವ ಕೂಸುಗಳಲ್ಲಿ ಶ್ವಾಸಕೋಶವೇ ಸರಿಯಾಗಿ ಬೆಳೆದಿರಲ್ಲ, ಅದಕ್ಕೆ ಅಪಾಯ ಜಾಸ್ತಿ. ತಡವಾಗಿ ಗೊತ್ತಾಗುವ ಮಕ್ಕಳಲ್ಲಿ ಸಾಮಾನ್ಯವಾಗಿ ಶ್ವಾಸಕೋಶ ಚೆನ್ನಾಗಿ ಬೆಳೆದಿರುತ್ತೆ. ಹಾಗಾಗಿ ಸಮಯಕ್ಕೆ ಆಪರೇಷನ್ ಆದರೆ ಬಹುತೇಕ ಮಕ್ಕಳು ಪೂರ್ತಿ ಗುಣವಾಗಿ ಮನೆಗೆ ಬರ್ತಾರೆ. ಮಗುವನ್ನು ಕಳೆದುಕೊಳ್ಳೋದು ಹೆಚ್ಚಾಗಿ ತಡ ಮಾಡಿದ್ದರಿಂದ.

ಪೋಷಕರೇ, ಇದು ನೆನಪಿರಲಿ

- ಹೊಟ್ಟೆ ನೋವಿನ ಜೊತೆ ಉಸಿರಾಟ ಜೋರಾದರೆ, ಒಣ ಓಕರಿಕೆ ನಿಲ್ಲದಿದ್ದರೆ, ವಾಂತಿ ಹಸಿರು ಬಣ್ಣದಲ್ಲಿದ್ದರೆ, ಮಗು ಸುಸ್ತಾಗಿ ಬೆಳ್ಳಗಾದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.
- ದಾರಿಯಲ್ಲಿ ನೀರು, ಹಾಲು, ಬಿಸ್ಕತ್ತು ಏನೂ ಬೇಡ. ಹೊಟ್ಟೆ ತಿಕ್ಕಬೇಡಿ. ತಲೆ, ಎದೆ ಸ್ವಲ್ಪ ಎತ್ತರಕ್ಕೆ ಇರುವ ಹಾಗೆ ಎತ್ತಿಕೊಳ್ಳಿ.
- ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಉಚಿತ.
- ನೋವು ಯಾವಾಗ ಶುರುವಾಯ್ತು, ವಾಂತಿ ಬಂತಾ ಇಲ್ವಾ, ಹಿಂದೆ ಎಷ್ಟು ಸಲ ಕಫ, ನಿಮೋನಿಯಾ ಆಗಿತ್ತು, ಇಷ್ಟನ್ನು ಡಾಕ್ಟರಿಗೆ ತಪ್ಪದೆ ಹೇಳಿ.
- ಮಕ್ಕಳ ಸರ್ಜನ್ ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರೆ ವಾದ ಮಾಡುತ್ತಾ ಹೊತ್ತು ಕಳೆಯಬೇಡಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಇದೆ.
- ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಕಾರ್ಡ್ ಹುಡುಕುತ್ತಾ ಹೊರಡೋದು ತಡವಾಗದಿರಲಿ, ಹಿಂದಿನಿಂದ ಯಾರಾದರೂ ತರಬಹುದು.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು. ಮಗುವಿನ ಗ್ಯಾಸಿಗೆ ಏನಾದ್ರೂ ಕೊಡಿ ಅಂತ ಯಾರಾದರೂ ಬಂದರೆ, ಉಸಿರಾಟ ಹೇಗಿದೆ, ವಾಂತಿ ಆಗ್ತಿದೆಯಾ ಅಂತ ಎರಡು ಪ್ರಶ್ನೆ ಕೇಳಿ. ಮೇಲಿನ ಲಕ್ಷಣ ಇದೆ ಅನಿಸಿದರೆ ಸಿರಪ್ ಕೊಡದೆ ಆಸ್ಪತ್ರೆಗೆ ಕಳಿಸಿ.