ಅಂತರ್ಜಾಲದಲ್ಲಿ ಹೆಸರು ಯಾರದು?

ಮಕ್ಕಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿರುವ ವಿಜಯಪುರ ಜಿಲ್ಲೆಗೆ 2014ರವರೆಗೆ ಬಿಜಾಪುರ ಎಂಬ ಹೆಸರಿತ್ತು. ಛತ್ತೀಸ್‌ಗಢದಲ್ಲಿಯೂ ಒಂದು ಬಿಜಾಪುರ ಜಿಲ್ಲೆ ಇದೆ. ಭೂಪಟದಲ್ಲಿ ಒಂದೇ ಹೆಸರು ಎರಡು ಕಡೆ ಇರಬಹುದು. ಅಂತರ್ಜಾಲದ ವಿಳಾಸದಲ್ಲಿ ಹಾಗಾಗದು. 'ಬಿಜಾಪುರ್ ಡಾಟ್ ಗವ್ ಡಾಟ್ ಇನ್' ಛತ್ತೀಸ್‌ಗಢದವರ ತಾಣ. ನಮ್ಮದು 'ವಿಜಯಪುರ ಡಾಟ್ ಎನ್‌ಐಸಿ ಡಾಟ್ ಇನ್'.

ಇಂತಹ ವಿಳಾಸವೇ ಡೊಮೇನ್ ಹೆಸರು. ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಷ್ಟುದ್ದದ ಅಂಕಿ ನಮಗೆ ನೆನಪಿರುವುದಿಲ್ಲ, ಅದಕ್ಕೇ ಹೆಸರು. 'ಡಾಟ್ ಇನ್' ಹೆಸರುಗಳ ದಾಖಲೆ ಪುಸ್ತಕವನ್ನು ನಿಕ್ಸಿ ಎಂಬ ಸಂಸ್ಥೆ ಇಟ್ಟಿದೆ. 2005ರಿಂದ ಯಾರು ಬೇಕಾದರೂ, ಅದು ಒಪ್ಪಿದ ಕಂಪನಿಗಳ ಮೂಲಕ, ಇಂತಹ ಹೆಸರನ್ನು ನೋಂದಾಯಿಸಬಹುದು. ಕನ್ನಡ ಲಿಪಿಯ 'ಡಾಟ್ ಭಾರತ' ಕೂಡ ಈಗ ಇದೆ!

ಹೆಸರನ್ನು ಕೊಂಡೆವು ಎನ್ನುವುದು ಮಾತಿಗಷ್ಟೇ. ಅದು ಹೊಲವನ್ನು ಲಾವಣಿಗೆ ಪಡೆದಂತೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಅವಧಿ ಮುಗಿದ ಮೇಲೆ ಶುಲ್ಕ ಕಟ್ಟದಿದ್ದರೆ, ಕೊನೆಗೆ ಬೇರೆಯವರು ಅದನ್ನು ಪಡೆಯಬಹುದು.

ಇಂಡಿಯ ಲಿಂಬೆ ಬೆಳೆಗಾರರ ಸಂಘವೊಂದು ತಾಣ ಮಾಡಿಸಿತು ಎನ್ನೋಣ. ಮಾಡಿಕೊಟ್ಟವನು ಡೊಮೇನನ್ನು ತನ್ನ ಹೆಸರಿಗೇ ಬರೆಸಿಕೊಂಡಿದ್ದರೆ? ಹಣ ಸಂಘದ್ದು, ಆದರೆ ದಾಖಲೆಯಲ್ಲಿ ಒಡೆಯ ಅವನೇ. ಹೊಲದ ಉತಾರದಲ್ಲಿ ಬೇರೆಯವರ ಹೆಸರು ಇದ್ದ ಹಾಗೆ! ಹೆಸರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಗುಪ್ತ ಸಂಕೇತವೊಂದು ಬೇಕು. ಅದು ಸಿಗುವುದು ಆ ಖಾತೆ ಯಾರ ಕೈಯಲ್ಲಿದೆಯೋ ಅವರಿಗೆ. ಮೊದಲ ದಿನವೇ ಸಂಘದ ಹೆಸರು, ಸಂಘದ ಇ-ಮೇಲ್ ಬರೆಸಿದ್ದರೆ ಸಂಕೇತ ಸಂಘದವರಿಗೇ ಬರುತ್ತದೆ.