ಎಲೆಕ್ಟ್ರಾನುಗಳ ಲೆಕ್ಕ ತೆಗೆಯುವ ಸೂಜಿ

ನಾನು ಕಾಮರ್ಸ್ ವಿಭಾಗದವನು. ಪರಮಾಣುವಿನ ಬಗ್ಗೆ ಬರೆಯುತ್ತೇನೆ ಎಂದಾಗ ಬಿ.ಎಸ್ಸಿ. ಓದುವ ನನ್ನ ಆಪಾ ನಕ್ಕಳು. ಆದರೆ ಅವಳ ಪುಸ್ತಕದಲ್ಲಿದ್ದ ಗ್ರಾಫೈಟಿನ ಒಂದು ಚಿತ್ರ ನನ್ನ ತಲೆಯಿಂದ ಹೋಗಲೇ ಇಲ್ಲ. ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಗ್ರಾಫೈಟ್. ಅದರ ಮೇಲ್ಪದರದ ಪರಮಾಣುಗಳೆಲ್ಲ ಒಂದೇ ಮಟ್ಟದಲ್ಲಿವೆ. ಚಿತ್ರದಲ್ಲಿ ಮಾತ್ರ ಅರ್ಧದಷ್ಟೇ ಕಾಣುತ್ತವೆ. ಉಳಿದರ್ಧ ಎಲ್ಲಿ?

ಚಿತ್ರ ತೆಗೆದದ್ದು ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್. 1981ರಲ್ಲಿ ಝೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಇದನ್ನು ಕಟ್ಟಿದರು; 1986ರಲ್ಲಿ ಅವರಿಗೆ ನೊಬೆಲ್ ಬಂತು. ಇದರಲ್ಲಿ ಲೆನ್ಸ್ ಇಲ್ಲ, ಸೂಜಿ ಇದೆ. ಸೂಜಿಯನ್ನು ವಸ್ತುವಿಗೆ ತಾಗಿಸದೆ, ಸುಮಾರು ಒಂದು ನ್ಯಾನೋಮೀಟರ್ ದೂರದಲ್ಲಿ ಹಿಡಿದು ಸ್ವಲ್ಪ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ನಡುವಿನ ಖಾಲಿ ಜಾಗವನ್ನು ದಾಟುತ್ತವೆ. ಇದೇ ಟನಲಿಂಗ್. ನಮ್ಮ ಕೊಂಕಣ ರೈಲ್ವೆಯವರಂತೆ ಗುಡ್ಡ ಕೊರೆಯುವುದೇನೂ ಇಲ್ಲ! ಅಂತರ 0.1 ನ್ಯಾನೋಮೀಟರ್ ಹೆಚ್ಚಾದರೂ ಕರೆಂಟ್ ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಆದರೆ ಕರೆಂಟ್ ಎತ್ತರವನ್ನಷ್ಟೇ ಹೇಳುವುದಿಲ್ಲ. ಭಟ್ಕಳ–ಕುಮಟಾ ಬಸ್ಸಿನಲ್ಲಿ ಸೀಟುಗಳಿದ್ದಂತೆ ಎಲೆಕ್ಟ್ರಾನುಗಳಿಗೂ ಶಕ್ತಿಮಟ್ಟದ ಸೀಟುಗಳಿವೆ. ಎಲ್ಲಿ ಎಷ್ಟು ಸೀಟು ಎಂಬುದೂ ಕರೆಂಟಿನಲ್ಲಿ ಬೆರೆತಿರುತ್ತದೆ. ಗ್ರಾಫೈಟಿನಲ್ಲಿ ಅರ್ಧ ಪರಮಾಣುಗಳ ನೇರ ಕೆಳಗೆ ಇನ್ನೊಂದು ಪರಮಾಣು ಕೂತಿದೆ. ಅವುಗಳ ಮೇಲೆ ಸೂಜಿಗೆ ಸಿಗುವ ಸೀಟು ಕಡಿಮೆ, ಅದಕ್ಕೇ ಅವು ಕಾಣಲಿಲ್ಲ.

ಹಾಗಾದರೆ ಸೀಟುಗಳನ್ನೇ ಎಣಿಸಬೇಕು. ಸೂಜಿಯನ್ನು ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ನಿಲ್ಲಿಸಿ, ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ, ಪ್ರತಿ ಸಲ ಕರೆಂಟ್ ಎಷ್ಟು ಏರಿತು ಎಂದು ನೋಡುತ್ತಾರೆ. ಇದು ಟನಲಿಂಗ್ ಸ್ಪೆಕ್ಟ್ರೋಸ್ಕೋಪಿ. ಓದುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಅರ್ಥಶಾಸ್ತ್ರದ ಸೀಮಾಂತ ವೆಚ್ಚ: ಒಟ್ಟು ಎಷ್ಟು ಎಂಬುದಲ್ಲ, ಇನ್ನೊಂದು ಘಟಕಕ್ಕೆ ಎಷ್ಟು ಏರಿತು ಎಂಬುದು. ಏರಿಕೆ ಜೋರಾಗಿದ್ದರೆ ಆ ಶಕ್ತಿಮಟ್ಟದಲ್ಲಿ ಸೀಟು ಹೆಚ್ಚು. ಏರದೇ ಇದ್ದರೆ ಸೀಟೇ ಇಲ್ಲ. ಆ ಖಾಲಿ ಪಟ್ಟಿಗೆ ಗ್ಯಾಪ್ ಎನ್ನುತ್ತಾರೆ. ವಸ್ತುವಿಗೆ ಧನ ವೋಲ್ಟೇಜ್ ಕೊಟ್ಟಾಗ ಸಿಗುವುದು ಖಾಲಿ ಸೀಟುಗಳ ಲೆಕ್ಕ, ಋಣ ಕೊಟ್ಟಾಗ ತುಂಬಿದವುಗಳ ಲೆಕ್ಕ. ಡೆಬಿಟ್–ಕ್ರೆಡಿಟ್ ಅಂದೆ, ಆಪಾ ಒಪ್ಪಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ರಾಯ್‌ಚೌಧುರಿ ಅವರ ತಂಡ ಮ್ಯಾಂಗನೈಟ್ ಎಂಬ ಆಕ್ಸೈಡುಗಳ ಮೇಲೆ ಇದೇ ಅಳತೆ ಮಾಡಿ 1999ರಲ್ಲಿ ಪ್ರಕಟಿಸಿತು. ಕ್ಯೂರಿ ಉಷ್ಣತೆಗಿಂತ ತಣ್ಣಗಿದ್ದಾಗ ಇವು ಅಯಸ್ಕಾಂತಗಳು. ಆಗ ಕರೆಂಟ್ ಹರಿಯಲು ಬೇಕಾದ ಮಟ್ಟದಲ್ಲಿ ಸೀಟುಗಳಿದ್ದವು. ಆ ಉಷ್ಣತೆ ಹತ್ತಿರವಾದಂತೆ ಅಲ್ಲೇ ಗ್ಯಾಪ್ ತೆರೆದುಕೊಂಡಿತು. ಕ್ಯೂರಿ ಉಷ್ಣತೆ ಹೆಚ್ಚಿರುವ ವಸ್ತುವಿನಲ್ಲಿ ಗ್ಯಾಪ್ ಚಿಕ್ಕದು. 400 ಕೆಲ್ವಿನ್ ಸಮೀಪದವುಗಳಲ್ಲಿ ಅದು ಸೊನ್ನೆಗೆ ಹತ್ತಿರ.

ಒಂದು ತೊಂದರೆ ಇದೆ. ಸೂಜಿಗೂ ತನ್ನದೇ ಸೀಟುಗಳಿವೆ, ಅವೂ ಲೆಕ್ಕದಲ್ಲಿ ಸೇರುತ್ತವೆ. ತುದಿಗೆ ಬೇರೆ ಪರಮಾಣು ಅಂಟಿಕೊಂಡರೆ ಲೆಕ್ಕವೇ ತಪ್ಪು. ಅದಕ್ಕೆ ಮೊದಲು ಚಿನ್ನದಂಥ ಗೊತ್ತಿರುವ ಲೋಹದ ಮೇಲೆ ಸೂಜಿಯನ್ನು ಪರೀಕ್ಷಿಸುತ್ತಾರೆ, ಅಂಗಡಿಯಲ್ಲಿ ತೂಗುವ ಮೊದಲು ನಾವು ತಕ್ಕಡಿಯ ಮುಳ್ಳು ನೋಡುವ ಹಾಗೆ.